ಲೈಬ್ರರಿಯಣ್ಣ ಪಾಸ್‌ವರ್ಡ್ ಹಾಕಿದ್ದು

ಹೆಂಡತಿಯ ಮುಖ ಪರದೆಯ ಮೇಲೆ ಕಲ್ಲಾಗಿ ನಿಂತದ್ದರಿಂದ ಇದೆಲ್ಲ ಶುರುವಾಯಿತು. ಬಾಯಿ ಅರ್ಧ ತೆರೆದಿತ್ತು, ಒಂದು ಕಣ್ಣು ಮುಚ್ಚಿತ್ತು, ತೋರುಬೆರಳು ಗಾಳಿಯಲ್ಲಿ ನಿಂತಿತ್ತು. ಸೀನುವುದೋ ಬೈಯುವುದೋ ಎಂದು ತೀರ್ಮಾನವಾಗದೆ ಉಳಿದುಹೋದವಳ ಹಾಗೆ ಕಾಣುತ್ತಿದ್ದಳು.

"ಪ್ರಶ್ನೆ ಕೇಳಿಸ್ಲಿಲ್ಲ," ಎಂದು ಲೈಬ್ರರಿಯಣ್ಣ ಲ್ಯಾಪ್‌ಟಾಪಿಗೆ ಹೇಳಿದ.

"ಮೂರು ಸಲ ಕೇಳ್ದೆ," ಎಂಬ ಉತ್ತರ ಬಂದದ್ದು ಲ್ಯಾಪ್‌ಟಾಪಿನಿಂದಲ್ಲ, ಪಕ್ಕದ ಕೋಣೆಯ ಗೋಡೆಯಾಚೆಯಿಂದ. "ನೀವು ಕಣ್ಣು ಮಿಟುಕಿಸ್ದೆ ಕೂತಿದೀರಿ. ನಾನು ಹೆದರಿಬಿಟ್ಟೆ."

ಅಂದು ಸಂಜೆ ನಾಲ್ಕಕ್ಕೆ ಲೈಬ್ರರಿಯಣ್ಣನ ಸಂದರ್ಶನ. ಅದು ಆನ್‌ಲೈನಿನಲ್ಲಿ ನಡೆಯುತ್ತದೆಂದು ಪತ್ರ ಬಂದಿತ್ತು. ಅದಕ್ಕಾಗಿ ರಜೆ ಹಾಕಿ, ಹೆಂಡತಿಯನ್ನು ಅವಳ ಲ್ಯಾಪ್‌ಟಾಪಿನೊಂದಿಗೆ ಒಳಗಿನ ಕೋಣೆಯಲ್ಲಿ ಕೂರಿಸಿ, ತಾನು ಹಾಲಿನಲ್ಲಿ ಕೂತು ಬೆಳಗಿನಿಂದ ಅಭ್ಯಾಸ ನಡೆಸಿದ್ದ. ಇಪ್ಪತ್ತೆರಡು ವರ್ಷ ಅವನು ಊರಿನ ಗ್ರಂಥಾಲಯದ ಮುಂಬಾಗಿಲ ಕೌಂಟರಿನಲ್ಲಿ ಕೂತಿದ್ದ. ಅಲ್ಲಿಗೆ ಬಂದವರು ಪುಸ್ತಕ ಕೇಳುವುದಕ್ಕಿಂತ ಹೆಚ್ಚಾಗಿ ಶೌಚಾಲಯ ಎಲ್ಲಿ, ಚಾರ್ಜರ್ ಎಲ್ಲಿ ಚುಚ್ಚಬೇಕು, ನೆಟ್ ಯಾಕೆ ಬರುತ್ತಿಲ್ಲ ಎಂದು ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷವೂ ಅವನ ಕಣ್ಣು ಮಹಡಿಯ ಮೇಲಿನ ಹಳೆಯ ಪತ್ರಗಳ ಕೋಣೆಯ ಮೇಲಿತ್ತು. ಯಾರೋ ಯಾರಿಗೋ ಎಂದೋ ಬರೆದ ಕಾಗದಗಳು, ಒಂದು ಅಗಲವಾದ ಮೇಜು, ಒಂದು ಕಿಟಕಿ, ಮತ್ತು ತುಟಿ ಬಿಚ್ಚಿ ಏನನ್ನೂ ಕೇಳದ ಕಪಾಟುಗಳು. ಆ ಕೋಣೆಯ ಮುಖ್ಯಸ್ಥರು ಹೋದ ತಿಂಗಳು ನಿವೃತ್ತರಾಗಿದ್ದರು. ಆ ಜಾಗಕ್ಕೆ ಅರ್ಜಿ ಹಾಕಿದವರು ಇಬ್ಬರೇ: ಇವನು, ಮತ್ತು ಪುಸ್ತಕಗಳಿಗೆ ಬೈಂಡಿಂಗ್ ಹಾಕುವ ವಿಭಾಗದ ಮೆದುಮಾತಿನ ಹೆಂಗಸೊಬ್ಬರು.

"ನೆಟ್ ಹೀಗೆ ಕೈ ಕೊಟ್ರೆ ಸಂಜೆ ಕಥೆ ಏನು?" ಎಂದ ಲೈಬ್ರರಿಯಣ್ಣ.

"ನನಗಂತೂ ದಿನಾ ಇದೇ ಕಥೆ," ಎನ್ನುತ್ತ ಹೆಂಡತಿ ಈಚೆಗೆ ಬಂದಳು. ಅವಳು ಮನೆಯಿಂದಲೇ ಹೊಲಿಗೆ ಪಾಠ ಹೇಳುತ್ತಿದ್ದಳು. "ನಿನ್ನೆ ತೋಳು ಜೋಡಿಸೋದು ತೋರಿಸ್ತಿದ್ದೆ, ಮಧ್ಯದಲ್ಲೇ ನಿಂತುಹೋಯ್ತು. ಆರು ಜನ ತೋಳನ್ನ ಕತ್ತಿನ ಜಾಗಕ್ಕೆ ಹೊಲ್ಕೊಂಡು ಕೂತಿದಾರೆ."

ಕಟ್ಟಡದ ಗೋಡೆಗಳು ಕೋಟೆಯ ಗೋಡೆಯಷ್ಟು ದಪ್ಪ. ಫೋನಿನ ಸಿಗ್ನಲ್ ಒಳಗೆ ಹೆಜ್ಜೆ ಇಡುತ್ತಿರಲಿಲ್ಲ. ಲೈಬ್ರರಿಯಣ್ಣ ಅಡುಗೆಮನೆಯ ಕಿಟಕಿಯಿಂದ ಕತ್ತು ಹೊರಚಾಚಿ ನೆಟ್‌ನವನಿಗೆ ಫೋನ್ ಮಾಡಿದ. ನೆಟ್‌ನವನು ಎಲ್ಲೋ ಕಂಬದ ಮೇಲಿದ್ದ ಹಾಗಿತ್ತು, ಮಾತು ಗಾಳಿಯೊಂದಿಗೆ ಬರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಯಾವ ಪುಟ ತೆರೆಯಬೇಕು, ಎಲ್ಲಿ ಒತ್ತಬೇಕು ಎಂದು ಹೇಳಿಕೊಟ್ಟ. ಕೊನೆಗೆ, "ಎಷ್ಟು ಜನ ಕನೆಕ್ಟ್ ಆಗಿದಾರೆ ಅಂತ ತೋರಿಸುತ್ತೆ ನೋಡಿ ಸಾರ್," ಎಂದ.

ತೋರಿಸಿತು. ಹದಿನೇಳು.

ಮನೆಯಲ್ಲಿದ್ದದ್ದು ಎರಡು ಲ್ಯಾಪ್‌ಟಾಪು, ಮೂರು ಫೋನು. ಉಳಿದ ಹನ್ನೆರಡರ ಹೆಸರುಗಳು ಮದುವೆಮನೆಯ ಊಟದ ಸಾಲಿನಂತೆ ಕೆಳಕೆಳಗೆ ಕೂತಿದ್ದವು. 'ಟೀಚರ್ ಟಿವಿ'. 'ಜಿಮ್ ಒಂದು'. 'ಜಿಮ್ ಎರಡು'. 'ಹಲ್ಲು ಕ್ಲಿನಿಕ್'. 'ಹಲ್ಲು ಕ್ಲಿನಿಕ್ ಹೊಸದು'. ಇನ್ನೊಂದಕ್ಕೆ ಯಾರೋ 'ನಮ್ಮನೆ' ಎಂದೇ ಹೆಸರಿಟ್ಟಿದ್ದರು.

"ಪಾಸ್‌ವರ್ಡ್ ಹಾಕಿಲ್ವಾ ಸಾರ್?" ಎಂದ ನೆಟ್‌ನವನು.

"ಹಾಕ್ಬೇಕಿತ್ತಾ?"

ನೆಟ್‌ನವನು "ನೆಟ್ ಹಾಕ್ಸಿ ಮೂರು ವರ್ಷ ಆಯ್ತಲ್ಲ ಸಾರ್," ಎಂದಷ್ಟೇ ಹೇಳಿ ಫೋನಿಟ್ಟ.

ಈ ಮಾತುಕತೆಯನ್ನೆಲ್ಲ ಸೋಫಾದ ಮೂಲೆಯಿಂದ ಕೇಳಿಸಿಕೊಳ್ಳುತ್ತಿದ್ದ ಮಾವನವರು ಪೇಪರು ಮಡಿಚಿಟ್ಟು ಎದ್ದರು. ಹೆಂಡತಿಯ ತಂದೆಯಾದ ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಮೂವತ್ತನಾಲ್ಕು ವರ್ಷ ತಕ್ಕಡಿಗಳ ತಳ ಮುಟ್ಟಿ ನೋಡಿದ ಮೇಲೆ ಅವರಿಗೆ ಲೋಕದಲ್ಲಿ ಎರಡೇ ಜಾತಿಯ ಜನ ಕಾಣುತ್ತಿದ್ದರು: ಸಿಕ್ಕಿಬಿದ್ದವರು, ಇನ್ನೂ ಸಿಕ್ಕಿಬೀಳದವರು.

"ಹನ್ನೆರಡು ಜನ," ಎಂದರು ಮಾವ. "ಮೆಟ್ಟಿಲ ಮೇಲೆ ಸಿಕ್ಕಿದ್ರೆ ಹಲ್ಲು ಕಿರಿದು ನಮಸ್ಕಾರ ಹೇಳೋರು. ಅಳಿಯಂದ್ರೆ, ಕೂತ್ಕೊಳ್ಳಿ. ಈಗಲೇ ಬೀಗ ಹಾಕೋಣ."

"ಸಂದರ್ಶನ ಮುಗೀಲಿ ಮಾವ. ನಾಳೆ ಹಾಕೋಣ."

"ನಾಲ್ಕು ಗಂಟೆಗೆ ಆ ಹನ್ನೆರಡು ಜನಾನೂ ಸಿನಿಮಾ ಹಚ್ಕೊಂಡು ಕೂತ್ರೆ?"

ಅದು ಸರಿಯೆನಿಸಿತು. ಲೈಬ್ರರಿಯಣ್ಣನಿಗೆ ಯಾರು ಏನು ಹೇಳಿದರೂ ಸರಿಯೆನಿಸುತ್ತಿತ್ತು. ಇಪ್ಪತ್ತೆರಡು ವರ್ಷ ಕೌಂಟರಿನಲ್ಲೇ ಉಳಿದದ್ದಕ್ಕೆ ಅದೂ ಒಂದು ಕಾರಣ.

"ನಿಮ್ಮ ಹೆಸರು, ಹುಟ್ಟಿದ ವರ್ಷ ಹಾಕಿ ಮುಗಿಸಿ," ಎಂದಳು ಹೆಂಡತಿ.

"ಅದನ್ನ ಕಳ್ಳ ನಿದ್ದೇಲೂ ಹೇಳ್ತಾನೆ," ಎಂದರು ಮಾವ. "ನಾನು ಹೇಳ್ತೀನಿ, ನೀವು ಒತ್ತಿ. ಕಾಗದದ ಮೇಲೆ ಮಾತ್ರ ಬರೀಬೇಡಿ. ನನ್ನ ತಲೇಲಿರುತ್ತೆ."

ಅವರು ಕಣ್ಣು ಮುಚ್ಚಿ, ತಮ್ಮ ಸೇವಾವಧಿಯ ಅತಿ ದೊಡ್ಡ ದಾಳಿಯನ್ನು ನೆನಪಿಸಿಕೊಂಡರು. ಅದರ ತಾರೀಖು, ಅಂಗಡಿಯ ಮೊದಲಕ್ಷರಗಳು, ಹಿಡಿದ ಕಳ್ಳ ತೂಕದ ಬಟ್ಟುಗಳ ಸಂಖ್ಯೆ, ಎಲ್ಲ ಸೇರಿಸಿ ಪಾಸ್‌ವರ್ಡು ಹೇಳತೊಡಗಿದರು. "ದೊಡ್ಡ ಅಕ್ಷರದ ಕೆ. ಸಣ್ಣ ಜಿ. ಸೊನ್ನೆ. ನಕ್ಷತ್ರ. ಆಮೇಲೆ ಓ."

"ಸೊನ್ನೆ ಅಂದ್ರೆ ಅಂಕಿನಾ ಅಕ್ಷರಾನಾ?"

"ಸೊನ್ನೆ ಅಂದ್ರೆ ಸೊನ್ನೆ. ಓ ಅಂದ್ರೆ ಓ. ಗುಂಡಗಿರುತ್ತೆ."

"ಎರಡೂ ಗುಂಡಗೇ ಇದಾವೆ ಮಾವ."

"ಮುಂದೆ ಹೋಗಿ. ಮತ್ತೊಂದು ನಕ್ಷತ್ರ. ಏಳು. ಅಲ್ಲ, ಏಳು ಆಮೇಲೆ."

ಅಕ್ಷರ ಒತ್ತಿದ ಕೂಡಲೇ ಅದು ಪರದೆಯ ಮೇಲೆ ಕರಿಯ ಚುಕ್ಕೆಯಾಗುತ್ತಿತ್ತು. ಇಪ್ಪತ್ತೆರಡನೆಯ ಚುಕ್ಕೆಗೆ ಮಾವ ಸಾಕೆಂದರು. ಲೈಬ್ರರಿಯಣ್ಣ 'ಉಳಿಸು' ಎಂಬಲ್ಲಿ ಒತ್ತಿದ. ಹದಿನೇಳು ಹೆಸರುಗಳೂ ಒಟ್ಟಿಗೆ ಮಾಯವಾದವು; ಕಲ್ಲು ಬಿದ್ದ ಮರದಿಂದ ಹಕ್ಕಿಗಳು ಎದ್ದುಹೋದ ಹಾಗೆ. ಮಾವ ನಿಟ್ಟುಸಿರುಬಿಟ್ಟರು. ಪಾಪ, ಅದು ನೆಮ್ಮದಿಯ ನಿಟ್ಟುಸಿರು.

ಹದಿನೇಳರಲ್ಲಿ ತಮ್ಮವೂ ಐದು ಇದ್ದವೆಂದು ಹೊಳೆದದ್ದು ಆಮೇಲೆ. ಲ್ಯಾಪ್‌ಟಾಪು ಪಾಸ್‌ವರ್ಡು ಕೇಳಿತು. ಮಾವ ಕಣ್ಣು ಮುಚ್ಚಿ ಮತ್ತೆ ಹೇಳಿದರು, ಇವನು ಒತ್ತಿದ. ತಪ್ಪು ಎಂದಿತು. ಸೊನ್ನೆಯ ಬದಲು ಓ ಹಾಕಿದ. ತಪ್ಪು. ಓ ಬದಲು ಸೊನ್ನೆ. ತಪ್ಪು. ಹೆಂಡತಿ ತನ್ನ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಸಾಲು ಹಿಡಿದಳು. ಅದೂ ತಪ್ಪು.

"ಅಪ್ಪಾ, ಹೋದ ಸಲ ಏಳರ ಹಿಂದೆ ಡಾಲರ್ ಗುರುತು ಅಂದ್ರಿ. ಈಗ ಮುಂದೆ ಅಂತೀರಿ."

"ನೀನು ಮಧ್ಯ ಮಾತಾಡಿದ್ರೆ ಹೀಗೇ ಆಗೋದು," ಎಂದರು ಮಾವ. ಅವರ ಹಣೆಯಲ್ಲಿ ಬೆವರು ಮೂಡಿತ್ತು.

ಆಗ ಬಾಗಿಲು ಸದ್ದಾಯಿತು.

ಬಂದವರು ನೆಲಮಹಡಿಯ ಹಲ್ಲಿನ ಡಾಕ್ಟರು. ಬಿಳಿ ಕೋಟು, ಕೈಗವಸು, ಗದ್ದಕ್ಕೆ ಇಳಿಸಿದ ಮಾಸ್ಕು. "ನಮಸ್ಕಾರ ಅಣ್ಣಾ. ಸುಮ್ನೆ ಮಾತಾಡ್ಸ್ಕೊಂಡು ಹೋಗೋಣ ಅಂತ ಬಂದೆ," ಎಂದರು. ಕೆಲಸದ ಮಧ್ಯೆ, ಕೈಗವಸಿನಲ್ಲಿ, ಎರಡು ಮಹಡಿ ಹತ್ತಿ ಸುಮ್ಮನೆ ಮಾತಾಡಿಸಲು ಬಂದವರನ್ನು ಲೈಬ್ರರಿಯಣ್ಣ ಮೊದಲ ಸಲ ನೋಡುತ್ತಿದ್ದ. "ಎಲ್ಲಾ ಆರಾಮಾ? ಅಂದ ಹಾಗೆ, ನಿಮ್ಮನೇಲಿ ನೆಟ್ ಬರ್ತಿದೆಯಾ?"

"ಯಾಕೆ, ನಿಮ್ಮಲ್ಲಿ ಇಲ್ವಾ?" ಎಂದರು ಮಾವ, ಒಂದೊಂದೇ ಪದ ತೂಗಿ.

"ನಂದಲ್ಲ, ಪೇಷೆಂಟು ಕೇಳ್ತಿದ್ರು. ಅವರ ಎಕ್ಸ್‌ರೇ ನೆಟ್ಟಲ್ಲಿದೆ. ಬಾಯಿ ತೆರ್ಕೊಂಡು ಕೂತಿದಾರೆ."

ಅವರ ಹಿಂದೆಯೇ ಮೇಲಿನ ಮನೆಯ ಟೀಚರಮ್ಮ ಇಳಿದುಬಂದರು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರು ಬಾಗಿಲಲ್ಲಿ ನಿಂತರೆ ಕೂತವರು ಎದ್ದು ನಿಲ್ಲುತ್ತಿದ್ದರು. "ನಿಮ್ಮನೇಲಿ ಏನಾದ್ರೂ ತೊಂದರೆ ಆಗಿದೆಯಾ ಅಂತ ನೋಡೋಕೆ ಬಂದೆ," ಎಂದರು. "ಇದ್ದಕ್ಕಿದ್ದ ಹಾಗೆ ನನ್ನ ಟಿವಿ ಯಾಕೋ ನಿಮ್ಮ ಬಗ್ಗೆ ಚಿಂತೆ ಮಾಡೋ ಹಾಗೆ ಮಾಡ್ತು."

ಮೂರನೆಯವನು ಎದುರು ಮನೆಯ ಜಿಮ್ ಮಾಸ್ಟರ್. ಬಾಗಿಲಿಗಿಂತ ಭುಜವೇ ಅಗಲವಾದ್ದರಿಂದ ಓರೆಯಾಗಿ ಒಳಗೆ ಬಂದ. ಅವನಿಗೆ ಸುತ್ತುಬಳಸಿ ಮಾತಾಡಲು ಬರುತ್ತಿರಲಿಲ್ಲ. "ಅಣ್ಣಾ, ನಮ್ಮ ನೆಟ್ ಹೋಯ್ತು," ಎಂದ.

"ನಮ್ಮ ಅಂದ್ರೆ ಯಾರದಪ್ಪ?" ಎಂದರು ಮಾವ.

ಜಿಮ್ ಮಾಸ್ಟರ್ ಯೋಚಿಸಿದ. "ನಮ್ದೇ. ಎಲ್ಲರದೂ," ಎಂದ.

ಮಾವ ಎಲ್ಲರನ್ನೂ ವಿಚಾರಣೆಗೆ ಹಿಡಿಯುವವರೇ ಇದ್ದರು. ಆದರೆ ಅಷ್ಟರಲ್ಲಿ ಹೆಂಡತಿ, ಸಂದರ್ಶನದ ವಿಷಯವನ್ನೂ ಪಾಸ್‌ವರ್ಡು ಸಿಕ್ಕಿಹಾಕಿಕೊಂಡ ವಿಷಯವನ್ನೂ ಬಡಬಡನೆ ಹೇಳಿಬಿಟ್ಟಳು. ಕೂಡಲೇ ಮೂವರ ಮುಖವೂ ಬದಲಾಯಿತು. ಕದ್ದು ಬಳಸುತ್ತಿದ್ದ ಮುಜುಗರ ಹೋಗಿ, ನೆರವಿಗೆ ನಿಂತವರ ಗಾಂಭೀರ್ಯ ಬಂತು. ಲೈಬ್ರರಿಯಣ್ಣನಿಗೆ ಇದು ಮೊದಲಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಟೀಚರಮ್ಮ ಮೇಜಿನ ತಲೆಯಲ್ಲಿ ಕೂತು ಒಂದು ಹಾಳೆ ತರಿಸಿದರು. "ಹಿರಿಯರು ನಿಧಾನವಾಗಿ ಹೇಳ್ಲಿ. ನಾವು ಎಲ್ಲಾ ಸಾಧ್ಯತೇನೂ ಬರೆದು ಒಂದೊಂದಾಗಿ ನೋಡೋಣ."

"ಬರೆದಿಟ್ರೆ ಗುಟ್ಟು ಎಲ್ಲಿ ಉಳೀತು?" ಎಂದರು ಮಾವ.

"ಈಗ ನಿಮಗೂ ಗುಟ್ಟಾಗೇ ಉಳ್ದಿದೆಯಲ್ಲ," ಎಂದರು ಟೀಚರಮ್ಮ. ಮಾವ ಮತ್ತೆ ಕಣ್ಣು ಮುಚ್ಚಿದರು.

ನಲವತ್ತು ಸಾಧ್ಯತೆಗಳಾದವು. ಮೂವತ್ತೊಂದನೆಯದಕ್ಕೆ ಲ್ಯಾಪ್‌ಟಾಪು ಬೇಸರಗೊಂಡು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತು. ಗಡಿಯಾರ ಮೂರು ಹೊಡೆದು ಹತ್ತು ನಿಮಿಷ ಮುಂದೆ ಹೋಗಿತ್ತು. ಲೈಬ್ರರಿಯಣ್ಣ ಮತ್ತೆ ಅಡುಗೆಮನೆಯ ಕಿಟಕಿಗೆ ಓಡಿ ನೆಟ್‌ನವನಿಗೆ ಫೋನ್ ಮಾಡಿದ. ಹಾಲಿನಲ್ಲಿ ಜಿಮ್ ಮಾಸ್ಟರ್ ರೌಟರನ್ನು ಗೋಡೆಯಿಂದ ಇಳಿಸಿ, ಎಳೆಮಗುವಿನಂತೆ ಅಂಗೈಯಲ್ಲಿ ಮಲಗಿಸಿಕೊಂಡು ಪರೀಕ್ಷಿಸುತ್ತಿದ್ದ.

"ಹಿಂದುಗಡೆ ಒಂದು ಸಣ್ಣ ತೂತಿದೆ," ಎಂದ. "ನಮ್ಮ ಜಿಮ್ಮಿನ ಓಡೋ ಮೆಷಿನ್ನಲ್ಲೂ ಇಂಥದ್ದೇ ಇದೆ. ಪಿನ್ನು ಹಾಕಿ ಹತ್ತು ಎಣಿಸಿದ್ರೆ ಎಂಥ ತೊಂದರೆನೂ ಹೋಗುತ್ತೆ. ಅಕ್ಕಾ, ಒಂದು ಪಿನ್ನಿದ್ರೆ ಕೊಡಿ."

ಹೊಲಿಗೆ ಹೇಳಿಕೊಡುವವಳ ಮನೆಯಲ್ಲಿ ಪಿನ್ನಿಗೆ ಬರವೇ?

ಅತ್ತ ಕಿಟಕಿಯಲ್ಲಿ, ಫೋನಿನಲ್ಲಿ ನೆಟ್‌ನವನು ಹೇಳುತ್ತಿದ್ದ: "ಚಿಂತೆ ಮಾಡ್ಬೇಡಿ ಸಾರ್. ಒಂದು ವೈರು ಚುಚ್ಚಿ ಲ್ಯಾಪ್‌ಟಾಪಿಗೆ ಸೇರಿಸಿದ್ರೆ ಹಳೇ ಪಾಸ್‌ವರ್ಡ್ ಬೇಕಾಗೇ ಇಲ್ಲ. ಎರಡು ನಿಮಿಷದ ಕೆಲಸ. ಒಂದೇ ಮಾತು ಸಾರ್, ಹಿಂದುಗಡೆ ಸಣ್ಣ ತೂತಿದೆಯಲ್ಲ..."

"ಎಂಟು," ಎಂದು ಹಾಲಿನಿಂದ ಕೇಳಿಸಿತು.

"...ಅದನ್ನ ಮಾತ್ರ ಯಾರೂ..."

"ಒಂಬತ್ತು."

ಲೈಬ್ರರಿಯಣ್ಣ ಕಿಟಕಿಯಿಂದ ತಲೆ ಒಳಗೆಳೆದುಕೊಳ್ಳುವ ಅವಸರದಲ್ಲಿ ಕಿವಿ ಕೆರೆದುಕೊಂಡ. ಹಾಲಿಗೆ ಬರುವಷ್ಟರಲ್ಲಿ ಹತ್ತು ಆಗಿತ್ತು. ರೌಟರಿನ ದೀಪಗಳೆಲ್ಲ ಒಮ್ಮೆ ಆರಿ, ಒಂದೇ ಒಂದು ಮಾತ್ರ ಕಿತ್ತಳೆ ಬಣ್ಣದಲ್ಲಿ ಮಿಣಮಿಣ ಎನ್ನತೊಡಗಿತು.

"ನೋಡಿ, ಪಾಸ್‌ವರ್ಡೇ ಕೇಳ್ತಿಲ್ಲ ಈಗ," ಎಂದ ಜಿಮ್ ಮಾಸ್ಟರ್ ಹೆಮ್ಮೆಯಿಂದ.

ನಿಜ, ಕೇಳುತ್ತಿರಲಿಲ್ಲ. ನೆಟ್ಟೂ ಇರಲಿಲ್ಲ. ರೌಟರು ತಾನು ಯಾರು, ಯಾವ ಮನೆಗೆ ಸೇರಿದವನು ಎಂಬುದನ್ನೇ ಮರೆತು, ಪೆಟ್ಟಿಗೆಯಿಂದ ಆಗತಾನೆ ತೆಗೆದ ದಿನಕ್ಕೆ ಮರಳಿತ್ತು. ನೆಟ್‌ನವನೇ ಬಂದು ಮತ್ತೆ ಎಲ್ಲ ತುಂಬಬೇಕು. ಮತ್ತೆ ಫೋನ್ ಮಾಡಿದರೆ ಅವನು ಆರಕ್ಕೆ ಬರುತ್ತೇನೆಂದ.

"ಡಾಕ್ಟ್ರೇ, ನಿಮ್ಮ ಕ್ಲಿನಿಕ್ಕಿನ ನೆಟ್ ಕೊಡ್ತೀರಾ?" ಎಂದು ಕೇಳಿದ ಲೈಬ್ರರಿಯಣ್ಣ.

ಡಾಕ್ಟರು ಕೈಗವಸು ಕಳಚುತ್ತ ನೆಲ ನೋಡಿದರು. ಟೀಚರಮ್ಮ ಕಿಟಕಿ ನೋಡಿದರು. "ನಮ್ಮ ನೆಟ್ ಅಂದ್ರೆ ಇದೇ ಅಣ್ಣಾ," ಎಂದ ಜಿಮ್ ಮಾಸ್ಟರ್, ಅಂಗೈಯಲ್ಲಿದ್ದ ರೌಟರನ್ನು ತೋರಿಸಿ. ಆಗ ಗೊತ್ತಾಯಿತು: ಮೂರು ವರ್ಷದಿಂದ ಈ ನಾಲ್ಕು ಮಹಡಿಯ ಕಟ್ಟಡಕ್ಕೆಲ್ಲ ಇದ್ದದ್ದು ಒಂದೇ ನೆಟ್ಟು.

ಲೈಬ್ರರಿಯಣ್ಣ ಕುರ್ಚಿಯಲ್ಲಿ ಕುಸಿದ. ಅವನಿಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ಮಹಡಿಯ ಆ ಕೋಣೆಯ ಕಿಟಕಿ, ಮೇಜಿನ ಮೇಲೆ ಬೀಳುವ ಬಿಸಿಲು, ಎಲ್ಲವೂ ಮೆಲ್ಲಗೆ ದೂರ ಸರಿಯುತ್ತಿರುವಂತೆ ಕಂಡಿತು. ಅವನ ಮುಖ ನೋಡಿ ಹೆಂಡತಿ ಎದ್ದು ನಿಂತಳು.

"ತಾರಸಿ ಮೇಲೆ ಫೋನಿಗೆ ಸಿಗ್ನಲ್ ಬರುತ್ತಲ್ಲ," ಎಂದಳು. "ಫೋನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಡೋದು. ಏಳಿ, ಇಸ್ತ್ರಿ ಅಂಗಿ ಹಾಕ್ಕೊಳ್ಳಿ. ನಾನು ಚಾದರ ತರ್ತೀನಿ."

ಮೂರು ಮುಕ್ಕಾಲಿಗೆ ಇಡೀ ದಂಡು ತಾರಸಿಯಲ್ಲಿತ್ತು. ನೀರಿನ ಟ್ಯಾಂಕಿನ ಪಕ್ಕದ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಮಡಿಸುವ ಕುರ್ಚಿ. ಹಿಂದೆ ಬಟ್ಟೆ ಒಣಗಿಸುವ ತಂತಿಗೆ ಹೆಂಡತಿ ತಿಳಿನೀಲಿ ಚಾದರವೊಂದನ್ನು ಗೋಡೆಯಂತೆ ಕಾಣುವ ಹಾಗೆ ಎಳೆದು ಕ್ಲಿಪ್ಪು ಹಾಕಿದಳು. ಲೈಬ್ರರಿಯಣ್ಣನಿಗೆ ಸೊಂಟದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಪೈಜಾಮ. ಪರದೆಯ ಮೇಲೆ ಬಿಸಿಲು ಬೀಳದಂತೆ ಡಾಕ್ಟರು ಕೊಡೆ ಹಿಡಿದರು. ಸಿಗ್ನಲ್ಲು ಆಳೆತ್ತರದಲ್ಲಿ ಇರಲಿಲ್ಲ, ಅದಕ್ಕೂ ಒಂದು ಗೇಣು ಮೇಲಿತ್ತು. ಆದ್ದರಿಂದ ಲೈಬ್ರರಿಯಣ್ಣನ ಫೋನನ್ನು ಜಿಮ್ ಮಾಸ್ಟರ್ ತಲೆಯ ಮೇಲೆ ಎತ್ತಿ ಹಿಡಿದು ಟ್ಯಾಂಕಿನ ಪಕ್ಕ ಸ್ತಂಭದಂತೆ ನಿಂತ. ನೆಟ್ಟಿಲ್ಲದೆ ಬೇಜಾರಾಗಿದ್ದ ಕಟ್ಟಡದ ಉಳಿದವರೂ, ಏನೋ ನಡೆಯುತ್ತಿದೆಯಂತೆ ಎಂದು ಒಬ್ಬೊಬ್ಬರಾಗಿ ಹತ್ತಿಬಂದು ಚಾದರದ ಹಿಂದೆ ಕೂತರು.

"ಈ ಫೋನಿಗೂ ಪಾಸ್‌ವರ್ಡ್ ಬೇಕು," ಎಂದರು ಮಾವ.

"ಅದರಲ್ಲಿ ಅದಾಗಲೇ ಒಂದಿದೆ, ಎಂಟೇ ಅಂಕಿ," ಎಂದಳು ಹೆಂಡತಿ. "ನೀವು ದಯವಿಟ್ಟು ಕೂತ್ಕೊಳ್ಳಿ ಅಪ್ಪಾ."

ಜಿಮ್ ಮಾಸ್ಟರ್ ಮೇಲೆತ್ತಿದ ಫೋನಿನತ್ತ ಕತ್ತೆತ್ತಿ, ಆ ಎಂಟು ಅಂಕಿಗಳನ್ನು ಕಸರತ್ತಿನ ಎಣಿಕೆ ಕೂಗುವ ದನಿಯಲ್ಲಿ ಕೂಗಿದ. ಲೈಬ್ರರಿಯಣ್ಣ ಒತ್ತಿದ. ಮೊದಲ ಸಲಕ್ಕೇ ಲ್ಯಾಪ್‌ಟಾಪು ಒಪ್ಪಿಕೊಂಡಿತು. ಅವನ ಕಣ್ಣಲ್ಲಿ ನೀರೂರಿತು.

ನಾಲ್ಕಕ್ಕೆ ಸರಿಯಾಗಿ ಪರದೆಯಲ್ಲಿ ಎರಡು ಮುಖ ಮೂಡಿದವು. ಒಂದು ಮುಖ್ಯ ಗ್ರಂಥಪಾಲಕರದು, ಇನ್ನೊಂದು ಕೇಂದ್ರ ಕಚೇರಿಯಿಂದ ಬಂದಿದ್ದ ಮೇಡಂ ಅವರದು. ಇಬ್ಬರೂ ಗ್ರಂಥಾಲಯದ ಸಭಾಕೋಣೆಯಲ್ಲಿ ಅಕ್ಕಪಕ್ಕ ಕೂತಿದ್ದರು.

"ತೇವ ತಗುಲಿದ ಹಳೇ ಪತ್ರದ ಕಟ್ಟು ಬಂತು ಅಂದ್ಕೊಳ್ಳಿ," ಎಂದರು ಮೇಡಂ. "ಮೊದಲು ಏನು ಮಾಡ್ತೀರಿ?"

"ಮೊದಲು ಏನೂ ಮಾಡಲ್ಲ ಮೇಡಂ," ಎಂದ ಲೈಬ್ರರಿಯಣ್ಣ. ಇಪ್ಪತ್ತೆರಡು ವರ್ಷ ಕಾದಿದ್ದ ಪ್ರಶ್ನೆ ಅದು. ದನಿ ತಾನಾಗಿ ನೆಟ್ಟಗಾಯಿತು. "ಸುಮ್ನೆ ಕೂತು ನೋಡ್ತೀನಿ. ಎಷ್ಟೋ ವರ್ಷದಿಂದ ಒಂದಕ್ಕೊಂದು ಅಂಟ್ಕೊಂಡಿರೋ ಹಾಳೆ. ಬಿಡಿಸೋಕೆ ನಮಗೆ ಅವಸರ ಇರಬಹುದು, ಅದಕ್ಕಿರಲ್ಲ. ಕಿಟಕಿ ತೆರೆದು ಗಾಳಿಗೆ ಬಿಡ್ತೀನಿ, ಬಿಸಿಲಿಗಲ್ಲ. ಒಂದು ಮೂಲೆ ತಾನಾಗೇ ಏಳೋವರೆಗೂ..."

ಮೇಡಂ ಮೆಚ್ಚಿ ತಲೆದೂಗುತ್ತಿದ್ದರು. ಆ ತಲೆ ದೂಗುವುದರ ಅರ್ಧದಲ್ಲೇ ನಿಂತುಬಿಟ್ಟಿತು. ಮುಖ್ಯ ಗ್ರಂಥಪಾಲಕರ ಮೂಗು ಚೌಕಚೌಕವಾಗಿ ಒಡೆಯಿತು.

ಲೈಬ್ರರಿಯಣ್ಣ ಗಾಬರಿಯಿಂದ ಜಿಮ್ ಮಾಸ್ಟರನ ಕಡೆ ನೋಡಿದ. ಫೋನು ಎತ್ತರದಲ್ಲೇ ಇತ್ತು. ಅದೇ ಹೊತ್ತಿಗೆ ಗಾಳಿಯೊಂದು ಬೀಸಿ, ಹಿಂದಿನ ಚಾದರ ತಂತಿಯಿಂದ ಕಳಚಿ ಟ್ಯಾಂಕಿನಾಚೆ ಹಾರಿಹೋಯಿತು. ಚಾದರದ ಹಿಂದೆ ಕೂತಿದ್ದವರು ಬಯಲಾದರು. ಎಲ್ಲರ ತಲೆಯೂ ಬಗ್ಗಿತ್ತು. ಎಲ್ಲರ ಕೈಯಲ್ಲೂ ಫೋನಿತ್ತು. ಒಬ್ಬರದರಲ್ಲಿ ಹಾಡು, ಇನ್ನೊಬ್ಬರದರಲ್ಲಿ ಆಟ. ಜಿಮ್ ಮಾಸ್ಟರ್ ಕೂಗಿದ ಎಂಟು ಅಂಕಿಗಳನ್ನು ಕೇಳಿಸಿಕೊಂಡದ್ದು ಲೈಬ್ರರಿಯಣ್ಣ ಒಬ್ಬನೇ ಅಲ್ಲ. ಟೀಚರಮ್ಮನ ಫೋನಿನಲ್ಲಿ ಮಧ್ಯಾಹ್ನದಿಂದ ನಿಂತುಹೋಗಿದ್ದ ಧಾರಾವಾಹಿ ಮುಂದುವರಿಯುತ್ತಿತ್ತು. ಒಂದು ಕೈಯಲ್ಲಿ ಕೊಡೆ ಹಿಡಿದ ಡಾಕ್ಟರು ಇನ್ನೊಂದು ಕೈಯಲ್ಲಿ ಯಾರದೋ ದವಡೆಯ ಎಕ್ಸ್‌ರೇ ನೋಡುತ್ತಿದ್ದರು.

ಇಪ್ಪತ್ತೆರಡು ವರ್ಷ 'ದಯವಿಟ್ಟು ಸದ್ದು ಮಾಡಬೇಡಿ' ಎಂಬುದನ್ನೂ ಪಿಸುದನಿಯಲ್ಲಿ ಹೇಳಿದ್ದ ಮನುಷ್ಯ ಅವತ್ತು ಎದ್ದು ನಿಂತ.

"ಎಲ್ಲಾ ಫೋನು ಕೆಳಗಿಡಿ," ಎಂದ. ಆ ದನಿಗೆ ಟ್ಯಾಂಕಿನ ಮೇಲಿದ್ದ ಪಾರಿವಾಳಗಳು ಹಾರಿದವು. "ಟೀಚರಮ್ಮ, ಧಾರಾವಾಹಿ ನಿಲ್ಸಿ. ಡಾಕ್ಟ್ರೇ, ಆ ಹಲ್ಲು ಇನ್ನರ್ಧ ಗಂಟೆ ಅಲ್ಲೇ ಇರುತ್ತೆ, ಎಲ್ಲೂ ಓಡಿಹೋಗಲ್ಲ. ಆ ಹಿಂದಿನ ಸಾಲು, ಆಟ ಮುಚ್ಚಿ. ಮುಚ್ಚಿದ್ರೆ ಸಾಲ್ದು, ನನ್ನ ನೆಟ್ಟಿಂದ ಇಳೀಬೇಕು. ಒಬ್ಬೊಬ್ಬರಾಗಿ ಫೋನು ತೋರಿಸಿ. ಇಳಿದ್ರಾ? ನೀವು? ಮಾವ, ನೀವೂ ಇಳೀರಿ."

ಮಾವ ತಮ್ಮ ಫೋನನ್ನು ಜೇಬಿಗೆ ಸೇರಿಸುತ್ತಿದ್ದರು. ಮೂವತ್ತನಾಲ್ಕು ವರ್ಷದ ನಂತರ ಅವರು ಸಿಕ್ಕಿಬಿದ್ದವರ ಜಾತಿಗೆ ಸೇರಿದರು. "ಬರೀ ಹವಾಮಾನ ನೋಡ್ತಿದ್ದೆ," ಎಂದರು.

ಒಂದೇ ನಿಮಿಷದಲ್ಲಿ ಹದಿಮೂರು ಫೋನು ಇಳಿದವು. ಲೈಬ್ರರಿಯಣ್ಣ ತಿರುಗಿದ. ಪರದೆಯಲ್ಲಿ ಇಬ್ಬರೂ ಅಲುಗುತ್ತಿದ್ದರು. ಬರೀ ಅಲುಗುತ್ತಿರಲಿಲ್ಲ, ನಗುತ್ತಿದ್ದರು. ಅವರಿಗೆ ಅವನ ಪೈಜಾಮವೂ ಕಾಣುತ್ತಿತ್ತು.

"ನಿಮ್ಮ ಚಿತ್ರ ನಿಂತಿತ್ತು," ಎಂದರು ಮೇಡಂ. "ಮಾತು ನಿಲ್ಲಲಿಲ್ಲ. ಎಷ್ಟು ಜನ ಇಳಿದ್ರು?"

"ಹದಿಮೂರು ಮೇಡಂ," ಎಂದ ಲೈಬ್ರರಿಯಣ್ಣ ಕುರ್ಚಿಗೆ ಕುಸಿಯುತ್ತ.

ಅವರು ಏನನ್ನೋ ಬರೆದುಕೊಂಡರು. ಆಮೇಲೆ ಪತ್ರಗಳ ಬಗ್ಗೆ ಪ್ರಶ್ನೆಯೇ ಬರಲಿಲ್ಲ. ಏನಾಯಿತು, ಯಾಕಾಯಿತು ಎಂದು ಕೇಳಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ ಲೈಬ್ರರಿಯಣ್ಣ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ: ಹದಿನೇಳು ಹೆಸರು, ಇಪ್ಪತ್ತೆರಡು ಚುಕ್ಕೆ, ನಲವತ್ತು ಸಾಧ್ಯತೆ, ಒಂದು ಪಿನ್ನು. ಮುಖ್ಯ ಗ್ರಂಥಪಾಲಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಡಂ, "ಇವತ್ತೇ ತಿಳಿಸ್ತೀವಿ," ಎಂದರು. ಪರದೆ ಕಪ್ಪಾಯಿತು.

ತಾರಸಿಯಿಂದ ಯಾರೂ ಇಳಿದುಹೋಗಲಿಲ್ಲ. ಹೆಂಡತಿ ಚಹ ಮಾಡಿ ತಂದಳು. "ನಗ್ಸಿದೀರಿ ಅಂದ್ರೆ ಅರ್ಧ ಗೆದ್ದ ಹಾಗೆ," ಎಂದರು ಟೀಚರಮ್ಮ. ಕಟ್ಟಡದವರೆಲ್ಲ ಕೂಡಿ ಸ್ವಂತ ನೆಟ್ ಹಾಕಿಸಿಕೊಳ್ಳುವುದೆಂದು, ಲೈಬ್ರರಿಯಣ್ಣನಿಗೆ ಇನ್ನು ತೊಂದರೆ ಕೊಡುವುದಿಲ್ಲವೆಂದು ಡಾಕ್ಟರು ಮಾತು ಕೊಟ್ಟರು. ಸಂಜೆಯ ಗಾಳಿ ಹಿತವಾಗಿತ್ತು. ಇಷ್ಟು ಜನ ತನ್ನ ಸಲುವಾಗಿ ಉಸಿರು ಬಿಗಿಹಿಡಿದು ಕೂತಿರುವುದನ್ನು ಕಂಡು ಲೈಬ್ರರಿಯಣ್ಣನಿಗೆ, ಮೂರು ವರ್ಷ ನೆಟ್ಟು ಹೋದದ್ದು ದಂಡವಲ್ಲ ಎಂದೂ ಅನಿಸಿತು.

ಐದೂವರೆಗೆ ಫೋನು ಬಂತು. ಜಿಮ್ ಮಾಸ್ಟರ್ ಅದನ್ನು ಎತ್ತಿಹಿಡಿದೇ ಇದ್ದ. ಅಲ್ಲಿಂದಲೇ ಸ್ಪೀಕರ್ ಒತ್ತಿದ. ಮುಖ್ಯ ಗ್ರಂಥಪಾಲಕರ ದನಿ ಆಕಾಶವಾಣಿಯ ಹಾಗೆ ಮೇಲಿನಿಂದ ಕೇಳಿಸಿತು.

"ಅಭಿನಂದನೆ. ನಿಮ್ಮನ್ನ ಆಯ್ಕೆ ಮಾಡಿದೀವಿ."

ಡಾಕ್ಟರ ಕೈಯ ಕೊಡೆ ಬಿತ್ತು. ಹೆಂಡತಿ ಕಣ್ಣೊರೆಸಿಕೊಂಡಳು. ಮಾವ ಅಳಿಯನ ಬೆನ್ನು ತಟ್ಟಿದರು.

"ಇಡೀ ಗ್ರಂಥಾಲಯದ ನೆಟ್ ನೋಡ್ಕೊಳ್ಳೋಕೆ," ಎಂದು ದನಿ ಮುಂದುವರಿಯಿತು. "ಓದೋ ಕೋಣೇಲಿ ಮುನ್ನೂರು ಜನ ನೆಟ್ಟಿಗೆ ಹತ್ಕೊಂಡು ಕೂತಿರ್ತಾರೆ, ಯಾರ ಮಾತೂ ಕೇಳಲ್ಲ. ನಾಲ್ಕು ವರ್ಷದಿಂದ ನಮಗೆ ಅದೇ ತಲೆನೋವು. ಒಂದೇ ನಿಮಿಷದಲ್ಲಿ ಹದಿಮೂರು ಜನಾನ ಇಳಿಸಿದ್ದು ಕೇಳಿ ಮೇಡಂ ಇವರೇ ಸರಿ ಅಂದ್ರು. ಹೊಸಾ ಹುದ್ದೆ. ನಾಳೆ ಒಂಬತ್ತಕ್ಕೆ ಬನ್ನಿ, ನಲವತ್ತು ಲ್ಯಾಪ್‌ಟಾಪ್ ಬಂದಿವೆ, ಒಂದೊಂದಾಗಿ ಕನೆಕ್ಟ್ ಮಾಡ್ಬೇಕು. ಕೂರೋ ಜಾಗ ಮಾತ್ರ ಅದೇ, ನಿಮ್ಮ ಕೌಂಟರೇ."

ಲೈಬ್ರರಿಯಣ್ಣ ಫೋನಿನತ್ತ ಕತ್ತೆತ್ತಿದ. "ಸಾರ್, ಹಳೇ ಪತ್ರಗಳ ಕೋಣೆ?"

"ಅದು ಬೈಂಡಿಂಗ್ ವಿಭಾಗದ ಅವರಿಗೆ ಆಯ್ತು. ಪಾಪ, ಅವರ ಮನೇಲೂ ಇವತ್ತು ನೆಟ್ ಬರ್ಲಿಲ್ವಂತೆ. ಎರಡು ಗಂಟೆಗೆ ಸೀದಾ ನಡ್ಕೊಂಡು ಇಲ್ಲಿಗೇ ಬಂದುಬಿಟ್ರು. ಎದುರಿಗೆ ಕೂತು, ಚಹ ಕುಡಿದು, ಒಂದು ಗಂಟೆ ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತೀರಿ."

ಫೋನು ಕಟ್ಟಾಯಿತು. ಜಿಮ್ ಮಾಸ್ಟರ್ ಮೊದಲ ಸಲ ಕೈ ಕೆಳಗಿಳಿಸಿದ. ಟ್ಯಾಂಕಿನಾಚೆ, ಸಾಲುಮರಗಳ ಮೇಲೆ, ಗ್ರಂಥಾಲಯದ ಮಹಡಿ ಸಂಜೆಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಯಾರೋ ಒಂದು ಕಿಟಕಿ ತೆರೆಯುತ್ತಿದ್ದರು.

"ಅಣ್ಣಾ," ಎಂದರು ಡಾಕ್ಟರು ಬಿದ್ದ ಕೊಡೆ ಎತ್ತಿಕೊಳ್ಳುತ್ತ, "ಇಲ್ಲಿಂದ ಎಷ್ಟು ದೂರ ನಿಮ್ಮ ಲೈಬ್ರರಿ?"

"ಹನ್ನೊಂದು ನಿಮಿಷ," ಎಂದ ಲೈಬ್ರರಿಯಣ್ಣ. "ನಿಧಾನವಾಗಿ ನಡೆದ್ರೆ."